ಕೀಚಕ ಸಾಯುವುದು ಗೊತ್ತಿದ್ದೂ ಹೋಗುವವರು

ಹೊನ್ನಾವರ, ಕುಮಟಾ, ಭಟ್ಕಳದ ಕಡೆ ಮೈಕು ಕಟ್ಟಿದ ರಿಕ್ಷಾವೊಂದು ‘ಇಂದು ರಾತ್ರಿ ಕೀಚಕ ವಧೆ’ ಎಂದು ಕೂಗುತ್ತ ಹೋಯಿತೆನ್ನಿ. ಕೇಳಿಸಿಕೊಂಡವರಲ್ಲಿ ಒಬ್ಬರೂ ‘ಕಡೆಗೆ ಏನಾಗುತ್ತದೆ?’ ಎಂದು ಕೇಳುವುದಿಲ್ಲ. ಏನಾಗುತ್ತದೆ ಎಂಬುದು ಯಕ್ಷಗಾನ ಪ್ರಸಂಗದ ಹೆಸರಿನಲ್ಲೇ ಇದೆ. ಅವರು ಕೇಳುವುದು ‘ಕೀಚಕ ಯಾರದ್ದು?’ ಎಂದು. ಆಮೇಲೆ ಭಾಗವತರು ಯಾರು, ಸೈರಂಧ್ರಿ ಯಾರದ್ದು, ವಲಲ ಯಾರದ್ದು ಎಂಬ ಪ್ರಶ್ನೆಗಳು. ಆಟಕ್ಕೆ ಹೋಗುವುದೋ ಮನೆಯಲ್ಲಿ ಮಲಗುವುದೋ ಎಂಬುದು ಈ ಉತ್ತರಗಳ ಮೇಲೆ ನಿಂತಿರುತ್ತದೆ. ನೂರು ಸಲ ಸತ್ತ ಕೀಚಕ ನೂರೊಂದನೆಯ ಸಲ ಸಾಯುವುದನ್ನು ನೋಡಲು ಇಪ್ಪತ್ತು ಕಿಲೋಮೀಟರ್ ಬೈಕ್ ಓಡಿಸಿಕೊಂಡು ಬಂದು, ಬೆಳಗಿನವರೆಗೆ ನಿದ್ದೆಗೆಟ್ಟು, ಮರುದಿನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ‘ನಿನ್ನೆ ಪ್ರವೇಶ ಅಷ್ಟು ಏರಲಿಲ್ಲ’ ಎಂದು ಹೇಳುವ ಮನುಷ್ಯ ಈ ಕರಾವಳಿಗೆ ಹೊಸಬನಲ್ಲ. ಅಭಿಮಾನಿ ಎಂದರೆ ಯಾರು, ಅವನು ಏನನ್ನು ಹಿಂಬಾಲಿಸುತ್ತಾನೆ ಎಂಬುದನ್ನು ತಿಳಿಯಬೇಕಾದರೆ ಈತನಿಂದಲೇ ಶುರುಮಾಡುವುದು ಒಳ್ಳೆಯದು.

ಏಕೆಂದರೆ ಇವನ ಮನೆಯಲ್ಲೇ ಇನ್ನೊಬ್ಬ ಅಭಿಮಾನಿ ಬೆಳೆದಿದ್ದಾನೆ. 1990ರ ದಶಕದಲ್ಲಿ ಕೇಬಲ್ ಟಿ.ವಿ. ಬಂದಾಗ ಅದರ ಜೊತೆಯಲ್ಲೇ ಅಮೆರಿಕದ ರೆಸ್ಲಿಂಗ್ ಕೂಡ ನಮ್ಮೂರುಗಳಿಗೆ ಬಂತು. ಆಗ ಅದರ ಹೆಸರು ಡಬ್ಲ್ಯುಡಬ್ಲ್ಯುಎಫ್, 2002ರಿಂದ ಡಬ್ಲ್ಯುಡಬ್ಲ್ಯುಇ. ಅಂಡರ್‌ಟೇಕರ್‌ನ ಎತ್ತರ, ತೂಕ, ರ‍್ಯಾಂಕು ಅಚ್ಚಾದ ಟ್ರಂಪ್ ಕಾರ್ಡುಗಳು ಶಾಲೆಯ ಚೀಲಗಳಲ್ಲಿ ಓಡಾಡಿದವು. 2007ರ ಜುಲೈನಲ್ಲಿ ಹಿಮಾಚಲದ ಗ್ರೇಟ್ ಖಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದಾಗ ಅವನ ಹೆಸರು ಗೊತ್ತಿಲ್ಲದ ಹುಡುಗರು ದೇಶದಲ್ಲಿ ಕಡಿಮೆಯಿದ್ದರು. ಅಂದಿನಿಂದ ಇಂದಿನವರೆಗೆ ಇದನ್ನು ನೋಡುವವರಿಗೆ ಮನೆಯ ಹಿರಿಯರು ಹೇಳುವ ಮಾತು ಒಂದೇ: ‘ಅದೆಲ್ಲ ಸುಳ್ಳು ಮಾರಾಯ, ಮೊದಲೇ ಮಾತಾಡಿಕೊಂಡಿರುತ್ತಾರೆ.’ ಹುಡುಗನಿಗೆ ಅದು ಗೊತ್ತು. ಕಂಪನಿಯೇ ಅದನ್ನು ಒಪ್ಪಿಕೊಂಡು ದಶಕಗಳಾದವು. ಕ್ರೀಡೆಗಳ ಮೇಲಿನ ಸರ್ಕಾರಿ ನಿಯಂತ್ರಣದಿಂದ ತಪ್ಪಿಸಿಕೊಳ್ಳಲು, ತಾವು ನಡೆಸುವುದು ಸ್ಪರ್ಧೆಯಲ್ಲ, ಮನರಂಜನೆ ಎಂದು 1989ರಲ್ಲಿ ನ್ಯೂಜೆರ್ಸಿಯ ಶಾಸಕರ ಮುಂದೆ ಅವರು ಹೇಳಿಯಾಗಿದೆ. ಹಾಗೆ ಹೇಳಿದ್ದರಿಂದ ನೋಡುವವರು ಕಡಿಮೆಯಾಗಲಿಲ್ಲ. ಗಮ್ಮತ್ತೆಂದರೆ, ‘ಅದೆಲ್ಲ ಸುಳ್ಳು’ ಎನ್ನುವ ಹಿರಿಯರೇ ರಾತ್ರಿ ಟಾರ್ಚು ಹಿಡಿದು ಕೀಚಕನನ್ನು ನೋಡಲು ಹೊರಡುತ್ತಾರೆ.

ಆಟಗಳ ಬಗ್ಗೆ ಅರ್ಥಶಾಸ್ತ್ರಜ್ಞರು ಕಟ್ಟಿದ ಒಂದು ಹಳೆಯ ವಾದವಿದೆ. ಸೈಮನ್ ರಾಟನ್‌ಬರ್ಗ್ ಎಂಬಾತ 1956ರಲ್ಲಿ ಅಮೆರಿಕದ ಬೇಸ್‌ಬಾಲ್ ಕುರಿತು ಬರೆಯುತ್ತ, ಯಾರು ಗೆಲ್ಲುತ್ತಾರೆಂಬುದು ಮೊದಲೇ ಗೊತ್ತಿಲ್ಲದಿದ್ದರೆ ಮಾತ್ರ ಜನ ದುಡ್ಡು ಕೊಟ್ಟು ಬರುತ್ತಾರೆ ಎಂದ. ತಂಡಗಳ ಬಲ ಹೆಚ್ಚುಕಡಿಮೆ ಸಮ ಇರಬೇಕು, ಇಲ್ಲವಾದರೆ ಗ್ಯಾಲರಿ ಖಾಲಿಯಾಗುತ್ತದೆ ಎಂಬುದು ಅದರ ಸಾರ. ಐಪಿಎಲ್‌ನಲ್ಲಿ ಆಟಗಾರರ ಹರಾಜಿಗೆ ತಂಡಕ್ಕಿಷ್ಟು ಎಂದು ಹಣದ ಮಿತಿ ಹಾಕಿರುವುದರ ಹಿಂದೆಯೂ ಇದೇ ಯೋಚನೆಯಿದೆ. ಕೇಳಲು ಸರಿಯಾಗಿಯೇ ಇದೆ. ಆದರೆ ಅದನ್ನು ನಂಬಿದರೆ ಕೀಚಕ ವಧೆಗೆ ಯಾರೂ ಹೋಗಬಾರದು, ರೆಸ್ಲಿಂಗ್ ಎಂದೋ ಬಾಗಿಲು ಹಾಕಬೇಕಿತ್ತು, ಹದಿನೇಳು ವರ್ಷ ಕಪ್ಪು ಕಾಣದ ಬೆಂಗಳೂರು ತಂಡಕ್ಕೆ ಅಭಿಮಾನಿಗಳೇ ಉಳಿಯಬಾರದಿತ್ತು. ಈ ಮೂರೂ ಆಗಲಿಲ್ಲ. ಇವು ಯಾವುದೋ ಅಪವಾದಗಳೆಂದು ಪಕ್ಕಕ್ಕಿಡಲು ನಾನು ಸಿದ್ಧನಿಲ್ಲ. ಅಭಿಮಾನಿ ಹಿಂಬಾಲಿಸುವುದು ಫಲಿತಾಂಶವನ್ನಲ್ಲ, ಕೆಲಸ ನಡೆದ ಬಗೆಯನ್ನು; ಅದರ ಬಗ್ಗೆ ತೀರ್ಪು ಕೊಡುವ ಹಕ್ಕು ತನಗಿದೆ ಎಂಬ ನಂಬಿಕೆಯೇ ಅವನನ್ನು ಮತ್ತೆ ಮತ್ತೆ ಎಳೆದು ತರುತ್ತದೆ ಎಂಬುದು ನನ್ನ ವಾದ.

ಕೀಚಕನನ್ನೇ ಹತ್ತಿರದಿಂದ ನೋಡೋಣ. ಈ ಪಾತ್ರವನ್ನು ತಮ್ಮ ಹೆಸರಿಗೇ ಅಂಟಿಸಿಕೊಂಡವರು ಚಿಟ್ಟಾಣಿ ರಾಮಚಂದ್ರ ಹೆಗಡೆ. 1933ರಲ್ಲಿ ಹೊನ್ನಾವರ ತಾಲ್ಲೂಕಿನ ಹೊಸಾಕುಳಿಯಲ್ಲಿ ಹುಟ್ಟಿ, 2012ರಲ್ಲಿ ಪದ್ಮಶ್ರೀ ಪಡೆದು, 2017ರ ಅಕ್ಟೋಬರ್ 3ರಂದು ತೀರಿಕೊಂಡವರು. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದವರು. ಅವರ ಹೆಸರಾಂತ ಪಾತ್ರಗಳ ಪಟ್ಟಿ ತೆಗೆದರೆ ಕೀಚಕ, ಭಸ್ಮಾಸುರ, ದುಷ್ಟಬುದ್ಧಿ, ಕಂಸ, ಕೌರವ ಹೀಗೆ ಸಾಗುತ್ತದೆ. ಬಹುಪಾಲು ಸೋಲುವವರು, ಸಾಯುವವರು, ಕೆಟ್ಟವರು. ಸೈರಂಧ್ರಿಯ ಮೇಲೆ ಕೀಚಕನ ಕಣ್ಣು ಬೀಳುವ ಗಳಿಗೆಯೇ ಈ ಆಟದ ಜೀವ. ಅಲ್ಲಿಯವರೆಗೆ ರಂಗಸ್ಥಳ ತನ್ನ ಅಪ್ಪನದೆಂಬಂತೆ ಕುಣಿಯುತ್ತಿದ್ದವನ ಕಾಲು ನಿಲ್ಲುತ್ತದೆ. ಮೈ ಆ ಕಡೆ, ಮುಖ ಈ ಕಡೆ. ಹುಬ್ಬು ಮೊದಲು ಅಲುಗುತ್ತದೆ, ಆಮೇಲೆ ಕಣ್ಣು, ಆಮೇಲೆ ಕೆನ್ನೆ. ಭಾಗವತರು ಪದ್ಯದ ಅದೇ ಸಾಲನ್ನು ಮತ್ತೆ ಮತ್ತೆ ಎತ್ತುತ್ತಾರೆ, ಮದ್ದಲೆ ಸಣ್ಣದಾಗಿ ಹಿಂಬಾಲಿಸುತ್ತದೆ, ವೇಷ ಒಂದೊಂದೇ ಹೆಜ್ಜೆ ಮುಂದಿಡುತ್ತದೆ. ಸೇನಾಪತಿಯ ಗತ್ತು ಕರಗಿ ಕಾಮದ ಹಪಾಹಪಿ ಮೇಲೇಳುವುದು ಎಲ್ಲರಿಗೂ ಕಾಣುವಂತೆ, ಆದರೆ ಎಲ್ಲಿ ಕರಗಿತು ಎಂದು ಬೆರಳಿಟ್ಟು ತೋರಿಸಲಾಗದಂತೆ ನಡೆಯಬೇಕು. ಇದು ಸರಿಯಾಗಿ ಬಂದರೆ ಮುಂದಿನ ಸಾಲಿನಲ್ಲಿದ್ದವರು ಉಸಿರು ಬಿಡುವುದು ಹಿಂದಿನವರಿಗೆ ಕೇಳುತ್ತದೆ. ಬಾರದಿದ್ದರೆ ಜನ ಚಾ ಕುಡಿಯಲು ಏಳುತ್ತಾರೆ. ವಲಲ ಬಂದು ಅವನನ್ನು ಕೊಲ್ಲುವಾಗ ಕಥೆಗೆ ನ್ಯಾಯ ಸಿಕ್ಕಿತು ಎಂದು ಸಮಾಧಾನ ಪಡುತ್ತಾರೆಯೇ ಹೊರತು, ಎಲ್ಲ ಅಭಿಮಾನಿಗಳೂ ಕೊಲ್ಲುವವನ ಕಡೆಯವರಲ್ಲ. ಮನೆಗೆ ಹೋಗುವಾಗ ಮಾತು ಪೂರ್ತಿ ಸತ್ತವನದೇ.

ರೆಸ್ಲಿಂಗ್‌ನಲ್ಲೂ ಅಂಗಡಿ ನಡೆಯುವುದು ಖಳನಿಂದಲೇ. ಜನರ ಬಾಯಲ್ಲಿ ಬೈಸಿಕೊಳ್ಳಲೆಂದೇ ರಿಂಗಿಗೆ ಇಳಿಯುವವನು ಸರಿಯಾಗಿ ಬೈಸಿಕೊಳ್ಳದಿದ್ದರೆ ಎದುರಿನ ನಾಯಕ ಎಷ್ಟು ಕುಣಿದರೂ ವ್ಯರ್ಥ. ಫ್ರಾನ್ಸಿನ ರೊಲಾಂ ಬಾರ್ತ್ 1957ರಲ್ಲಿ ಪ್ರಕಟವಾದ ತನ್ನ ಪ್ರಬಂಧ ಸಂಗ್ರಹದಲ್ಲಿ ಮೊದಲನೆಯದಾಗಿ ಇಟ್ಟದ್ದು ಪ್ಯಾರಿಸ್ಸಿನ ಬಡ ಹಾಲುಗಳಲ್ಲಿ ನಡೆಯುತ್ತಿದ್ದ ಇಂಥ ಕುಸ್ತಿಯ ಬಗೆಗಿನ ಪ್ರಬಂಧವನ್ನು. ಇದು ಕ್ರೀಡೆಯಲ್ಲ, ನೋಟ ಎಂಬುದು ಅವನ ಮುಖ್ಯ ಮಾತು: ನೋವು, ಸೋಲು, ನ್ಯಾಯ ಇವುಗಳನ್ನು ಹಿಂದಿನ ಸಾಲಿನವನಿಗೂ ಕಾಣುವಷ್ಟು ದೊಡ್ಡದಾಗಿ ಬರೆದು ತೋರಿಸುವ ನೋಟ. ಪೆಟ್ಟು ನಿಜವಾಗಿ ಬಿತ್ತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ ಎನ್ನುತ್ತಾನೆ. ಬಾರ್ತ್‌ನಿಗೆ ಯಕ್ಷಗಾನದ ಊರುಗಳಾದ ಗುಣವಂತೆಯೂ ಗೊತ್ತಿರಲಿಲ್ಲ, ಗುಂಡಬಾಳವೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅವನಿಗೆ ಉದಾಹರಣೆಗಳಿಗೆ ಬರಗಾಲ ಬರುತ್ತಿರಲಿಲ್ಲ. ವಿರಾಟಪರ್ವದಲ್ಲಿ ಅಡುಗೆಯವ ವಲಲನ ವೇಷದ ಭೀಮ ಮೊದಲು ಜೀಮೂತನೆಂಬ ಜಟ್ಟಿಯನ್ನು ಅಖಾಡದಲ್ಲಿ ಕೆಡವುತ್ತಾನೆ, ಆಮೇಲೆ ಕೀಚಕನನ್ನು ಬರಿಗೈಯಲ್ಲಿ ಹಿಸುಕುತ್ತಾನೆ. ಮಲ್ಲಯುದ್ಧದ ಕಥೆಯನ್ನು ಕೊನೆ ಗೊತ್ತಿದ್ದೂ ತಲೆತಲಾಂತರದಿಂದ ನೋಡುತ್ತ ಬಂದ ಜನರಿಗೆ ರೆಸ್ಲಿಂಗ್ ಅಂಥ ವಿದೇಶಿ ವಸ್ತುವೇನೂ ಅಲ್ಲ.

ಆದರೆ ಅಭಿಮಾನ ಎಂದರೆ ಬರೀ ನೋಡುವುದಲ್ಲ, ಒಂದು ಕಡೆ ಸೇರುವುದು. ಹೊನ್ನಾವರದ ವಿಶೇಷ ಇರುವುದು ಇಲ್ಲಿ. ಒಂದೇ ತಾಲ್ಲೂಕಿನಲ್ಲಿ ಎರಡು ಬಗೆಯ ಯಕ್ಷಗಾನ ಬೆಳೆಯಿತು. ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಒಂದು ಕಡೆ. ಅವರ ನಂತರ ಮಗ ಶಂಭು ಹೆಗಡೆ ಅದನ್ನು ಮುನ್ನಡೆಸಿದರು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರವನ್ನೂ ಕಟ್ಟಿದರು. ಅಳತೆ ಮೀರದ ಕುಣಿತ, ಪಾತ್ರದ ಒಳಗನ್ನು ತೂಗಿ ಆಡುವ ಮಾತು, ಬೇಡದ್ದನ್ನು ಕತ್ತರಿಸುವ ಶಿಸ್ತು ಕೆರೆಮನೆಯವರದು. ಇನ್ನೊಂದು ಕಡೆ ಚಿಟ್ಟಾಣಿ: ಮೈಯೆಲ್ಲ ಬೆಂಕಿ, ಲಯದ ಮೇಲೆ ಸವಾರಿ, ಪ್ರೇಕ್ಷಕನನ್ನು ಕುರ್ಚಿಯಿಂದ ಎಬ್ಬಿಸುವ ಪ್ರವೇಶ. ಕೆರೆಮನೆಯವರ ಕಡೆಯವರು ಚಿಟ್ಟಾಣಿಯದು ಚಪ್ಪಾಳೆಗಾಗಿ ಕುಣಿಯುವುದಾಯಿತು ಎಂದರು. ಚಿಟ್ಟಾಣಿಯ ಕಡೆಯವರು ಅವರದ್ದು ತೀರಾ ಅಳೆದು ತೂಗಿದ್ದು, ರಾತ್ರಿ ಎರಡು ಗಂಟೆಗೆ ಎಚ್ಚರವಿರಿಸುವುದಿಲ್ಲ ಎಂದರು. ಮದುವೆಯ ಊಟದ ಪಂಕ್ತಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ಅಡಿಕೆ ಸುಲಿಯುವ ಚಪ್ಪರದಲ್ಲಿ ನಡೆದ ಈ ವಾದ ಯಾವ ಅಂಕಪಟ್ಟಿಯಿಂದಲೂ ಮುಗಿಯುವಂಥದಲ್ಲ. ಮುಗಿಯದಿರುವುದೇ ಅದರ ಬಲ. ಇಂಥ ವಾದ ಮಾಡಬೇಕಾದರೆ ಎರಡೂ ಕಡೆಯವರಿಗೆ ಪದ್ಯ ಗೊತ್ತಿರಬೇಕು, ತಾಳ ಗೊತ್ತಿರಬೇಕು, ಹಿಂದಿನವರು ಅದೇ ಪಾತ್ರವನ್ನು ಹೇಗೆ ಮಾಡಿದ್ದರೆಂಬ ನೆನಪಿರಬೇಕು. ಎರಡನೇ ಕ್ಲಾಸು ಓದಿದವನೂ ಕಾಲೇಜಿನ ಮೇಷ್ಟ್ರೂ ಸಮನಾಗಿ ಕೂತು ಜಗಳಾಡಬಹುದಾದ ವಿಷಯಗಳು ನಮ್ಮ ಸಮಾಜದಲ್ಲಿ ಹೆಚ್ಚಿಲ್ಲ, ಇದು ಅಂಥದ್ದೊಂದು.

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಜೋಡಾಟವಿದೆ. ಒಂದೇ ಬಯಲಿನಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಪ್ರಸಂಗ ಮಾತ್ರ ಒಂದೇ. ಇಲ್ಲಿ ಅರ್ಜುನ ಬಂದರೆ ಅಲ್ಲೂ ಅರ್ಜುನ. ಇಲ್ಲಿನ ಚಂಡೆ ಏರಿದರೆ ಅಲ್ಲಿನದೂ ಏರಬೇಕು. ಇವನು ಇಪ್ಪತ್ತು ಗಿರಕಿ ಹಾಕಿದರೆ ಅವನು ಮೂವತ್ತು ಹಾಕಿಯೇ ನಿಲ್ಲಬೇಕು. ನಡುವೆ ಕೂತ ಜನ ಎದ್ದು ಆ ಕಡೆ ಸರಿಯುತ್ತಾರೆ, ಮತ್ತೆ ಈ ಕಡೆ ಸರಿಯುತ್ತಾರೆ. ತೀರ್ಪುಗಾರರಿಲ್ಲ, ಪಾಯಿಂಟಿಲ್ಲ. ಗುಂಪು ಎತ್ತ ವಾಲಿತು ಎಂಬುದನ್ನು ಚೌಕಿಯಲ್ಲಿ ಕೂತ ಯಜಮಾನನೂ ಇಣುಕಿ ನೋಡುತ್ತಾನೆ. ಬೆಳಗಾಗುವಾಗ ಎರಡೂ ರಂಗಸ್ಥಳಗಳಲ್ಲಿ ಕರ್ಣ ಸತ್ತಿರುತ್ತಾನೆ, ಎರಡೂ ಕಡೆ ಅರ್ಜುನ ಗೆದ್ದಿರುತ್ತಾನೆ. ಆದರೂ ಒಂದು ಮೇಳ ಗೆದ್ದಿರುತ್ತದೆ, ಇನ್ನೊಂದು ಸೋತಿರುತ್ತದೆ. ಕಥೆಯ ಫಲಿತಾಂಶ ಬೇರೆ, ಆಟದ ಫಲಿತಾಂಶ ಬೇರೆ ಎಂಬುದನ್ನು ಇದಕ್ಕಿಂತ ಸರಳವಾಗಿ ಯಾವ ಶಾಸ್ತ್ರವೂ ತೋರಿಸಲಾರದು. ಜೋಡಾಟದ ಹುರುಡಿನಲ್ಲಿ ಕಲೆ ಹಾಳಾಗುತ್ತದೆ, ಭಾವ ಸತ್ತು ಬರೀ ಸದ್ದು ಉಳಿಯುತ್ತದೆ ಎಂಬ ದೂರು ಹಳೆಯದು, ಅದರಲ್ಲಿ ಹುರುಳೂ ಇದೆ. ಆದರೆ ದೂರುವವರೂ ಅಲ್ಲಿ ಕೂತು ಪೂರ್ತಿ ನೋಡಿಯೇ ದೂರುವುದು.

ಅಮೆರಿಕದ ಅಭಿಮಾನಿಗಳು ಇದನ್ನೇ ಇನ್ನೊಂದು ರೀತಿಯಲ್ಲಿ ಮಾಡಿ ತೋರಿಸಿದರು. 2014ರ ಜನವರಿಯ ರಾಯಲ್ ರಂಬಲ್‌ನಲ್ಲಿ ಕಂಪನಿ ಬಟಿಸ್ಟಾನನ್ನು ಗೆಲ್ಲಿಸಿತು. ಜನರಿಗೆ ಬೇಕಾಗಿದ್ದವನು ಡೇನಿಯಲ್ ಬ್ರಯಾನ್. ಸಣ್ಣ ಮೈಕಟ್ಟಿನ, ಪಟ್ಟುಗಳಲ್ಲಿ ಎತ್ತಿದ ಕೈ. ಗೆದ್ದವನಿಗೆ ಜನ ಕೂಗಿ ಅವಮಾನ ಮಾಡಿದರು, ಮುಂದಿನ ವಾರಗಳಲ್ಲೂ ಬ್ರಯಾನನ ಹೆಸರನ್ನು ಬಿಡಲಿಲ್ಲ. ಕೊನೆಗೆ ಕಥೆ ಬರೆಯುವವರೇ ಕಥೆ ತಿದ್ದಿದರು. ಏಪ್ರಿಲ್ 6ರ ರೆಸಲ್‌ಮೇನಿಯಾದ ಕೊನೆಯ ಪಂದ್ಯಕ್ಕೆ ಬ್ರಯಾನನನ್ನು ಸೇರಿಸಿ ಚಾಂಪಿಯನ್ ಮಾಡಿದರು. ಅದೇ ರಾತ್ರಿ ಅದೇ ರಿಂಗಿನಲ್ಲಿ, ರೆಸಲ್‌ಮೇನಿಯಾದಲ್ಲಿ ಇಪ್ಪತ್ತೊಂದು ಸಲ ಗೆದ್ದು ಒಮ್ಮೆಯೂ ಸೋಲದಿದ್ದ ಅಂಡರ್‌ಟೇಕರ್ ಬ್ರಾಕ್ ಲೆಸ್ನರ್ ಎದುರು ಸೋತ. ಮೈದಾನದ ಜನ ಬಾಯಿ ತೆರೆದು ನಿಂತುಬಿಟ್ಟರು. ಆ ಸೋಲನ್ನು ಯಾರೋ ಮೇಜಿನ ಮುಂದೆ ಕೂತು ನಿಶ್ಚಯಿಸಿದ್ದೆಂಬುದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅವರ ಪ್ರಶ್ನೆ ‘ಇದು ನಿಜವೇ’ ಎಂಬುದಲ್ಲ, ‘ಇದು ಸರಿಯೇ, ಇವನ ಕೈಯಲ್ಲಿ ಮುರಿಯಬೇಕಿತ್ತೇ’ ಎಂಬುದು. ಇಷ್ಟು ವರ್ಷಗಳಾದರೂ ಆ ವಾದ ನಿಂತಿಲ್ಲ.

ಆಯಿತು, ಕಟ್ಟಿದ ಕಥೆಗಳಲ್ಲಿ ಹಾಗಿರಬಹುದು, ನಿಜವಾದ ಪಂದ್ಯದಲ್ಲಿ ಗೆಲುವೇ ಎಲ್ಲ ಎಂದು ಯಾರಾದರೂ ಹೇಳಿಯಾರು. ಅವರಿಗೆ ಬೆಂಗಳೂರಿನ ಐಪಿಎಲ್ ತಂಡ ಆರ್‌ಸಿಬಿಯ ಚರಿತ್ರೆ ಸಾಕು. 2008ರಲ್ಲಿ ಶುರುವಾದ ತಂಡ 2009, 2011, 2016ರಲ್ಲಿ ಫೈನಲಿಗೆ ಬಂದು ಸೋತಿತು. ಕೊನೆಯದು ಬೆಂಗಳೂರಿನಲ್ಲೇ, ಎಂಟು ರನ್ನಿನಿಂದ. 2013ರಲ್ಲಿ ಗೇಲ್ 175 ಹೊಡೆದ ತಂಡವೇ 2017ರಲ್ಲಿ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್ ಆಯಿತು. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು, ಆಮೇಲೆ ಸತತ ಆರು ಗೆದ್ದು ಪ್ಲೇ ಆಫ್ ತಲುಪಿ, ಅಲ್ಲಿ ಮತ್ತೆ ಸೋತಿತು. ‘ಈ ಸಲ ಕಪ್ ನಮ್ದೇ’ ಎಂಬುದು ಹಾರೈಕೆಯಾಗಿ ಹುಟ್ಟಿ, ಎದುರಾಳಿಗಳ ಬಾಯಲ್ಲಿ ಗೇಲಿಯಾಗಿ, ಕೊನೆಗೆ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತ ಅಭಿಮಾನಿಗಳೇ ಹೇಳುವ ಮಾತಾಯಿತು. ಚಿನ್ನಸ್ವಾಮಿ ಕ್ರೀಡಾಂಗಣ ಭಟ್ಕಳದಿಂದ ನಾನೂರು ಕಿಲೋಮೀಟರಿಗೂ ಆಚೆ. ಅದನ್ನು ಕಣ್ಣಿಂದ ನೋಡದವರೂ ಇಲ್ಲಿ ಕೆಂಪು ಜರ್ಸಿ ತೊಟ್ಟು ತಿರುಗುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದ ಮೇಲೆ ವಿದ್ಯಾರ್ಥಿಗಳು ಕಾಲೇಜಿನ ಹೆಸರಿನ ಅಂಗಿ ತೊಡುವುದು ಹೆಚ್ಚು. ಗೆದ್ದರೆ ‘ನಾವು’, ಸೋತರೆ ‘ಅವರು’. ಗೆದ್ದೆತ್ತಿನ ಬಾಲ ಹಿಡಿಯುವ ಈ ಗುಣ ನಮ್ಮಲ್ಲೂ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಹದಿನೇಳು ಸೀಸನ್ ‘ಅವರು’ ಎನ್ನದೆ ‘ನಮ್ದೇ’ ಎಂದವರನ್ನು ಆ ಅಧ್ಯಯನ ವಿವರಿಸುವುದಿಲ್ಲ. ಅವರು ಸೋಲಿನ ವಿವರಗಳನ್ನು ಗೆಲುವಿನ ವಿವರಗಳಷ್ಟೇ ಚೆನ್ನಾಗಿ ಬಲ್ಲರು. ಯಾವ ಓವರಿನಲ್ಲಿ ಯಾರಿಗೆ ಚೆಂಡು ಕೊಟ್ಟದ್ದು ತಪ್ಪು, ಯಾವ ಹರಾಜಿನಲ್ಲಿ ಯಾರನ್ನು ಬಿಟ್ಟದ್ದು ತಪ್ಪು ಎಂದು ಹೇಳಬಲ್ಲರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನಿನಿಂದ ಸೋಲಿಸಿ ಕಪ್ಪು ಬಂದಾಗ ಅವರ ಅಭಿಮಾನ ಹೊಸದಾಗಿ ಹುಟ್ಟಬೇಕಾಗಿರಲಿಲ್ಲ.

ಇಲ್ಲಿಗೆ ಬಂದಾಗ ಎರಡು ಕಡೆಯಿಂದ ಕಲ್ಲು ಬೀಳುತ್ತದೆ. ಯಕ್ಷಗಾನದವರು, ನಮ್ಮ ಕಲೆಯನ್ನು ಆ ಚಡ್ಡಿ ತೊಟ್ಟವರ ಜೊತೆ ಕಟ್ಟಿದಿರಲ್ಲ ಎನ್ನುತ್ತಾರೆ. ಕ್ರಿಕೆಟ್ಟಿನವರು, ನಿಜವಾದ ಪಂದ್ಯವನ್ನು ನಾಟಕದ ಜೊತೆ ಸೇರಿಸಿದಿರಲ್ಲ ಎನ್ನುತ್ತಾರೆ. ಮೊದಲನೆಯವರ ಮಾತಿನಲ್ಲಿ ಸತ್ಯವಿದೆ. ಗುಂಡಬಾಳದ ಮುಖ್ಯಪ್ರಾಣ ದೇವಸ್ಥಾನದಲ್ಲಿ ನಡೆಯುವುದು ಹರಕೆಯ ಆಟ. ಎದುರಿಗೆ ನಾಲ್ಕೇ ಜನ ಕೂತಿದ್ದರೂ ಅದು ನಡೆಯಬೇಕು, ಏಕೆಂದರೆ ನೋಡುವವನು ದೇವರು. ಅಲ್ಲಿ ಅಭಿಮಾನಿಯ ತೀರ್ಪಿಗೆ ಜಾಗವಿಲ್ಲ. ಆದರೆ ಟಿಕೇಟು ಹರಿದು ಡೇರೆ ಮೇಳ ತಿರುಗಾಟಕ್ಕೆ ಹೊರಟ ದಿನವೇ, ಪೋಸ್ಟರಿನಲ್ಲಿ ಕಲಾವಿದನ ಹೆಸರು ಪ್ರಸಂಗದ ಹೆಸರಿಗಿಂತ ದಪ್ಪವಾದ ದಿನವೇ, ಯಕ್ಷಗಾನ ಅಭಿಮಾನಿಯನ್ನು ಒಳಗೆ ಕರೆದುಕೊಂಡಿತು. ಆತ ಬರೀ ಭಕ್ತನಾಗಿ ಉಳಿಯಲಿಲ್ಲ. ಇನ್ನು ಹೋಲಿಕೆಯಿಂದ ಮರ್ಯಾದೆ ಹೋಗುತ್ತದೆಯೇ? ಸಾಹಿತ್ಯ, ಸಂಗೀತ, ಆಶುವಾಗಿ ಅರ್ಥ ಹೇಳುವ ವಿದ್ಯೆ ಇವು ಯಾವುವೂ ರಿಂಗಿನಲ್ಲಿಲ್ಲ. ಕಲೆಯಾಗಿ ಎರಡೂ ಸಮ ಎಂದು ನಾನು ಹೇಳುತ್ತಿಲ್ಲ. ನೋಡುವವನ ಕಡೆಯಿಂದ ಹೇಳುತ್ತಿದ್ದೇನೆ. ಅವನು ಎರಡೂ ಕಡೆ ಮಾಡುವ ಕೆಲಸ ಒಂದೇ.

ಎರಡನೆಯ ಆಕ್ಷೇಪಕ್ಕೆ ಉತ್ತರ ಇನ್ನೂ ಸುಲಭ. ನಿಶ್ಚಯವಾಗಿರುವುದು ಕೊನೆ ಮಾತ್ರ, ಮೈ ಅಲ್ಲ. 1998ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹದಿನೈದಿಪ್ಪತ್ತು ಅಡಿ ಎತ್ತರದ ಪಂಜರದ ಮೇಲಿಂದ ಮಿಕ್ ಫೋಲಿ ಬಿದ್ದದ್ದು ಮೊದಲೇ ಮಾತಾಡಿಕೊಂಡದ್ದಿರಬಹುದು, ಬಿದ್ದ ನೆಲ ನಿಜವಾದದ್ದು. ಮರುವರ್ಷ ಮೇ ತಿಂಗಳಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಓವನ್ ಹಾರ್ಟ್ ಮೇಲ್ಛಾವಣಿಯಿಂದ ಇಳಿಯುವ ಪ್ರವೇಶದಲ್ಲಿ ಕೆಳಗೆ ಬಿದ್ದು ಸತ್ತೇಹೋದ. ಮಂಡಿ ಊರಿ ಗಿರಗಿರನೆ ತಿರುಗುವ ನಮ್ಮ ಪುರುಷವೇಷದವರ ಮೊಣಕಾಲುಗಳನ್ನು ನಲವತ್ತರ ನಂತರ ಕೇಳಿದರೆ ಅವೂ ಇದನ್ನೇ ಹೇಳುತ್ತವೆ. ತಪ್ಪಬಹುದಾದದ್ದು ಇರುವವರೆಗೆ ನೋಡುವುದಕ್ಕೆ ಏನೋ ಇದ್ದೇ ಇರುತ್ತದೆ. ಪಂದ್ಯದಲ್ಲಿ ಗೆಲುವು ತಪ್ಪಬಹುದು. ಆಟದಲ್ಲಿ ತಾಳ ತಪ್ಪಬಹುದು.

ಇದಕ್ಕಿಂತ ಗಂಭೀರ ಆಕ್ಷೇಪ ಬೇರೆ ಇದೆ. ಅಭಿಮಾನಿ ತೀರ್ಪುಗಾರ ಎಂದು ನೀವು ಹೊಗಳುತ್ತೀರಿ, ನಿಜದಲ್ಲಿ ಅವನು ಕುರುಡ. ತನ್ನವನು ಏನು ಮಾಡಿದರೂ ಸಿಳ್ಳೆ ಹಾಕುತ್ತಾನೆ, ಎದುರಿನವನು ಏನು ಮಾಡಿದರೂ ಬೈಯುತ್ತಾನೆ, ಗುಂಪಿನಲ್ಲಿ ಪ್ರಾಣವನ್ನೂ ಕಳೆಯುತ್ತಾನೆ ಎಂಬುದು. ಕಪ್ಪು ಬಂದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಇದನ್ನು ‘ಅಭಿಮಾನಿಗಳ ಹುಚ್ಚು’ ಎಂದು ಷರಾ ಬರೆದು ಮುಗಿಸುವುದು ಸುಲಭ. ನಾನದನ್ನು ಒಪ್ಪುವುದಿಲ್ಲ. ಒಂದು ಜಾಗ ಎಷ್ಟು ಜನರನ್ನು ಹಿಡಿಯುತ್ತದೆ, ಯಾವ ಗೇಟು ಯಾವಾಗ ತೆರೆಯುತ್ತದೆ, ಜನರನ್ನು ಕರೆಯುವವರು ಯಾರು, ತಡೆಯುವವರು ಯಾರು ಎಂಬವು ಅಭಿಮಾನಿಯ ಕೈಯಲ್ಲಿರುವ ವಿಷಯಗಳಲ್ಲ. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗವನ್ನು ನೇಮಿಸಿದ್ದು ಇಂಥವನ್ನು ವಿಚಾರಿಸಲೆಂದೇ. ಜಾತ್ರೆಯ ರಥಬೀದಿಯಲ್ಲಿ ಸಾವಿರಾರು ಜನರನ್ನು ಹಗ್ಗ ಹಿಡಿದು ಸರಿಸಲು ಕಲಿತ ಊರುಗಳಿಗೆ ಇದು ಅರ್ಥವಾಗದ್ದಲ್ಲ.

ಕುರುಡುತನದ ಮಾತು ಮಾತ್ರ ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದಲ್ಲ. ಕುರುಡು ಅಭಿಮಾನ ಇದೆ, ಹೆಚ್ಚುತ್ತಲೂ ಇದೆ. ಆದರೆ ಅದು ಅಭಿಮಾನದ ಹುಟ್ಟುಗುಣವಲ್ಲ. ಅಭಿಮಾನಿಗೂ ಅವನು ಮೆಚ್ಚಿದವನಿಗೂ ನಡುವೆ ಇರುವ ದೂರದಿಂದ ಬಂದದ್ದು. ಟಿ.ವಿ.ಯಲ್ಲಿ ಕಾಣುವವನನ್ನು ನೋಡುಗ ತನ್ನ ಆಪ್ತನೆಂದೇ ಭಾವಿಸುವ ಒಮ್ಮುಖ ಸಂಬಂಧವನ್ನು ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬಿಬ್ಬರು 1956ರಲ್ಲೇ ಗುರುತಿಸಿದ್ದರು. ಹೊನ್ನಾವರದ ಅಭಿಮಾನಿಗೆ ಆ ಸಂಬಂಧ ಇಮ್ಮುಖ. ಅವನ ಕೀಚಕ ಮರುದಿನ ಬಣ್ಣ ತೊಳೆದು ಅದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಾನೆ, ಅದೇ ಸೊಸೈಟಿಯಲ್ಲಿ ಅಡಿಕೆ ಹಾಕುತ್ತಾನೆ, ಅದೇ ಮದುವೆಗೆ ಬರುತ್ತಾನೆ. ‘ನಿನ್ನೆ ಎರಡನೇ ಪದ್ಯಕ್ಕೆ ಅಷ್ಟು ಕುಣಿಯಬೇಕಿತ್ತಾ ಹೆಗಡೇರೆ?’ ಎಂದು ಎದುರಿಗೇ ಕೇಳಬಹುದು. ಅವರು ನಕ್ಕು ಉತ್ತರ ಕೊಡಬೇಕು, ಇಲ್ಲವೇ ಸಿಟ್ಟು ಮಾಡಿಕೊಳ್ಳಬೇಕು. ಕೊಹ್ಲಿಯನ್ನು ಹಾಗೆ ಕೇಳಲಾಗದು, ರೆಸ್ಲಿಂಗ್‌ನ ರೋಮನ್ ರೈನ್ಸನನ್ನು ಕೇಳಲಾಗದು. ಕೇಳುವ ದಾರಿ ಮುಚ್ಚಿದಾಗ ಉಳಿಯುವುದು ಕೂಗುವುದೊಂದೇ. ಆದರೂ ದೂರದ ಅಭಿಮಾನಿಗಳೂ ಕೆಲವೊಮ್ಮೆ ಕೇಳಿಸಿಯೇ ಬಿಡುತ್ತಾರೆ. ಬ್ರಯಾನನ ಕಥೆ ಅದೇ, 2024ರ ಮಾರ್ಚಿನಲ್ಲಿ ಆರ್‌ಸಿಬಿಯ ಹೆಸರಿನ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂದದ್ದೂ ಕನ್ನಡಿಗ ಅಭಿಮಾನಿಗಳ ಬಹುಕಾಲದ ಒತ್ತಾಯದ ನಂತರವೇ.

ದುಡ್ಡಿನ ಮಾತೂ ಇದೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಡಬ್ಲ್ಯುಡಬ್ಲ್ಯುಇಯ ‘ರಾ’ ಕಾರ್ಯಕ್ರಮಕ್ಕೆ ನೆಟ್‌ಫ್ಲಿಕ್ಸ್ ಹತ್ತು ವರ್ಷಕ್ಕೆ 500 ಕೋಟಿ ಡಾಲರ್ ಒಪ್ಪಿಕೊಂಡಿತು. ಇಷ್ಟೊಂದು ಹಣ ಕೊಟ್ಟು ಕೊಂಡದ್ದು ಅಭಿಮಾನಿಯ ಕಣ್ಣನ್ನು. ಹಾಗಿರುವಾಗ ಅವನ ತೀರ್ಪು, ಹಕ್ಕು ಎಂದೆಲ್ಲ ಮಾತಾಡುವುದು ಮುಗ್ಧತೆಯಲ್ಲವೇ? ವ್ಯಾಪಾರ ಇದ್ದದ್ದೇ, ಡೇರೆ ಮೇಳದ ಯಜಮಾನನೂ ಪುಣ್ಯಕ್ಕಾಗಿ ಡೇರೆ ಹಾಕಿದವನಲ್ಲ. ನನ್ನ ಆತಂಕ ಇರುವುದು ವ್ಯಾಪಾರಿ ಏನನ್ನು ಕತ್ತರಿಸಿ ಮಾರುತ್ತಾನೆ ಎಂಬುದರ ಬಗ್ಗೆ. ಅದು ತಿಳಿಯಲು ಊರಿನ ಪಂದ್ಯಗಳನ್ನೇ ನೋಡಿ. ಕುಮಟಾದ ಮಣಕಿ ಮೈದಾನದಂಥ ಜಾಗಗಳಲ್ಲಿ, ತಾಲ್ಲೂಕಿನ ಶಾಲೆಗಳ ಬಯಲುಗಳಲ್ಲಿ ಈಗ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಟೆನ್ನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾವಳಿಗಳು ನಡೆಯುತ್ತವೆ. ಐಪಿಎಲ್ ನೋಡಿ ಕಲಿತು ಊರಿನ ಹುಡುಗರನ್ನೂ ಹರಾಜು ಹಾಕುತ್ತಾರೆ, ತಂಡಕ್ಕೊಬ್ಬ ಮಾಲೀಕ, ಎದೆಯ ಮೇಲೆ ಜಾಹೀರಾತು. ಅನುಕರಣೆ ಎಂದು ನಗುವವರು ನಗಲಿ. ಅಲ್ಲಿ ಗೆರೆಯಂಚಿನಲ್ಲಿ ನಿಂತ ಮುದುಕ ರೇಡರಿಗೆ ‘ಕಾಲು ನೋಡೋ, ಕಾಲು’ ಎಂದು ಕೂಗಿ ಹೇಳುತ್ತಾನೆ, ಹುಡುಗ ಕೇಳಿಸಿಕೊಳ್ಳುತ್ತಾನೆ. ಟಿ.ವಿ.ಯ ಮುಂದೆ ಅದೇ ಮುದುಕ ಕೂಗಿದರೆ ಕೇಳಿಸಿಕೊಳ್ಳುವವರಿಲ್ಲ.

ಅದಕ್ಕಿಂತ ದೊಡ್ಡ ಬದಲಾವಣೆ ಮೊಬೈಲಿನಲ್ಲಿ ನಡೆಯುತ್ತಿದೆ. ರಾತ್ರಿಯಿಡೀ ನಡೆಯುತ್ತಿದ್ದ ಆಟ ಹಲವೆಡೆ ಕಾಲಮಿತಿಗೆ ಬಂದು ನಡುರಾತ್ರಿಗೆ ಮುಗಿಯುತ್ತಿದೆ. ಅದರಲ್ಲಿ ತಪ್ಪೇನೂ ಇಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋಗುವವರೂ ನೋಡಬೇಕಲ್ಲ. ಆದರೆ ಈಗ ಆಟವನ್ನೇ ನೋಡದ ಅಭಿಮಾನಿ ಹುಟ್ಟಿದ್ದಾನೆ. ಅವನ ಬಳಿ ಇರುವುದು ಒಂದೊಂದು ನಿಮಿಷದ ತುಣುಕು: ಒಂದು ಪ್ರವೇಶ, ಒಂದು ಗಿರಕಿ, ಒಂದು ಸಿಕ್ಸರ್, ರಿಂಗಿನ ಮೇಲಿಂದ ಒಂದು ಜಿಗಿತ. ತುಣುಕಿನಲ್ಲಿ ಎಲ್ಲರೂ ಗೆಲ್ಲುತ್ತಾರೆ, ಯಾರ ಪ್ರವೇಶವೂ ಸಪ್ಪೆಯಾಗುವುದಿಲ್ಲ, ಏಕೆಂದರೆ ಸಪ್ಪೆಯಾದದ್ದನ್ನು ಯಾರೂ ಹಾಕುವುದಿಲ್ಲ. ಸೈರಂಧ್ರಿಯನ್ನು ಕಂಡ ಕೀಚಕನ ಹುಬ್ಬು ಅಲುಗುವುದು ಅಲ್ಲಿ ಸಿಗುತ್ತದೆ. ಅದಕ್ಕೆ ಮುಂಚೆ ಅರ್ಧ ಗಂಟೆ ಅವನು ಮೆರೆದ ಸೇನಾಪತಿತನ ಸಿಗುವುದಿಲ್ಲ, ಹಾಗಾಗಿ ಏನು ಕರಗಿತು ಎಂಬುದೂ ತಿಳಿಯುವುದಿಲ್ಲ. ಇಂಥವನು ತೀರ್ಪು ಕೊಡುವುದು ಯಾವುದರ ಮೇಲೆ? ಅವನು ಲೈಕು ಒತ್ತುತ್ತಾನೆ, ಎದುರಿನವರನ್ನು ಬೈಯುತ್ತಾನೆ, ಮುಂದಿನ ತುಣುಕಿಗೆ ಹೋಗುತ್ತಾನೆ. ಜೋಡಾಟದಲ್ಲಿ ಎದ್ದು ಆ ಕಡೆ ಸರಿದವನು ಕಡೆಯ ಪಕ್ಷ ಅಲ್ಲಿಯ ಅರ್ಜುನನನ್ನೂ ನೋಡಿಯೇ ಸರಿಯುತ್ತಿದ್ದ. ಕಲಾವಿದರು, ಮೇಳದವರು, ಅಭಿಮಾನಿ ಬಳಗಗಳವರು ತುಣುಕುಗಳನ್ನು ಹಂಚುವಾಗ, ಪೂರ್ತಿ ಆಟ ಎಲ್ಲಿ, ಯಾವತ್ತು, ಕೀಚಕ ಯಾರದ್ದು ಎಂದು ಅದರ ಕೆಳಗೆ ಬರೆಯುವ ರೂಢಿ ಕೆಲವೆಡೆ ಇದೆ, ಎಲ್ಲ ಕಡೆ ಇಲ್ಲ. ಡಬ್ಲ್ಯುಡಬ್ಲ್ಯುಇಯವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ತುಣುಕು ಬಿಡುವಾಗ ಮುಂದಿನ ಪಂದ್ಯದ ತಾರೀಖನ್ನೂ ಜನರಿಗೆ ತಲುಪಿಸುವುದು ಅವರಿಗೆ ಗೊತ್ತು.